ತೋಡರ ನುಡಿಯ ಬೆನ್ನುಹತ್ತಿದ ಅರ್ಧ ಶತಮಾನ

ವಿದ್ವತ್ಕಾರ್ಯವೊಂದು ತಡವಾಯಿತೆಂದೊಡನೆ ಅದನ್ನು ಕರ್ತೃವಿನ ಆಲಸ್ಯಕ್ಕೆ ಆರೋಪಿಸುವುದು ನಮ್ಮಲ್ಲಿ ರೂಢಿಯಾಗಿದೆ. ಉದಕಮಂಡಲದ ಸುತ್ತಣ ಹುಲ್ಲುಗಾವಲುಗಳಲ್ಲಿ ಎಮ್ಮೆಗಳನ್ನು ಕಾಯ್ದುಕೊಂಡು ಬಂದ ತೋಡರ ಭಾಷೆಗೆ ವ್ಯಾಕರಣವು ದೊರೆತ ಬಗೆಯನ್ನು ಬಲ್ಲವರು ಮಾತ್ರ ಅಷ್ಟು ಅವಸರದಿಂದ ತೀರ್ಪು ಕೊಡಲಾರರು.

ಕೇಂಬ್ರಿಜ್ಜಿನ ಡಬ್ಲ್ಯು. ಎಚ್. ಆರ್. ರಿವರ್ಸ್ 1901–02ರಲ್ಲಿ ನೀಲಗಿರಿಗೆ ಬಂದು, ದುಭಾಷಿಗಳ ನೆರವಿನಿಂದ ತೋಡರ ಆಚಾರಗಳನ್ನು ಬರೆದುಕೊಂಡು, 1906ರಲ್ಲಿಯೇ ದೊಡ್ಡ ಹೊತ್ತಗೆಯನ್ನು ಹೊರತಂದರು. ಭಾಷೆಯ ಒಳಹೊಕ್ಕು ನೋಡುವ ಕಾರ್ಯವು ಉಳಿಯಿತು. ಅದಕ್ಕೆ ಕೈಯಿಕ್ಕಿದವರು ಕೆನಡಾದಲ್ಲಿ ಜನಿಸಿ, ಯೇಲ್ ವಿಶ್ವವಿದ್ಯಾನಿಲಯದಲ್ಲಿ ಸಂಸ್ಕೃತವನ್ನು ವ್ಯಾಸಂಗಮಾಡಿದ್ದ ಎಂ. ಬಿ. ಎಮೆನೋ. 1935ರಿಂದ 1938ರ ವರೆಗೆ ಭಾರತದಲ್ಲಿದ್ದು, ತೋಡ, ಕೋತ, ಬಡಗ, ಕೊಡವ ನುಡಿಗಳನ್ನು ಆಡುವವರ ಬಾಯಿಂದಲೇ ಕೇಳಿ ಅವರು ಬರೆದುಕೊಂಡರು.

ತೋಡರ ಹಾಡು ಸುಲಭವಾಗಿ ವಶವಾಗುವಂಥದಲ್ಲ. ಅದರ ನುಡಿಗಟ್ಟುಗಳು ಜೋಡಿಜೋಡಿಯಾಗಿ ಸಾಗುತ್ತವೆ. ಹಾಡಿನಲ್ಲಿ ಸೂಚಿತವಾದ ಮಂದು (ತೋಡರ ಹಟ್ಟಿ), ಮನೆತನ, ಎಮ್ಮೆ, ಸಂದರ್ಭಗಳನ್ನು ಅರಿಯದವನಿಗೆ ಶಬ್ದಾರ್ಥವು ತಿಳಿದರೂ ಭಾವಾರ್ಥವು ದಕ್ಕದು. ಇಂಥ ಸಾಮಗ್ರಿಯನ್ನು ಮುಂದಿಟ್ಟುಕೊಂಡವನು ಎದೆಗುಂದಿ ಲೇಖನಿಯನ್ನು ಕೆಳಗಿಟ್ಟರೆ ಆಶ್ಚರ್ಯವೇನು? ಎಮೆನೋ ಅವರು ಕೆಳಗಿಡಲಿಲ್ಲ. ಕೋತರ ಸುಲ್ಲಿಯೆಂಬವರು ಹೇಳಿದ ಕಥೆಗಳನ್ನು ಮೊದಲು ಕೈಗೆತ್ತಿಕೊಂಡು, 1944–46ರಲ್ಲಿ ನಾಲ್ಕು ಭಾಗಗಳಾಗಿ ಪ್ರಕಟಿಸಿದರು, 1955ರಲ್ಲಿ ಕೋಲಾಮಿ ಭಾಷೆಯ ಗ್ರಂಥ, 1961ರಲ್ಲಿ, ಟಿ. ಬರೋ ಅವರೊಡಗೂಡಿ, ಕನ್ನಡದ ಶಬ್ದಮೂಲಗಳನ್ನು ಅರಸುವ ಯಾರೂ ಇಂದಿಗೂ ಬದಿಗಿರಿಸಲಾಗದ ದ್ರಾವಿಡ ನಿಷ್ಪತ್ತಿಕೋಶ. ತೋಡರ ಹಾಡುಗಳ ಬೃಹತ್ಸಂಪುಟ 1971ರಲ್ಲಿ ಬಂದಿತು. ವ್ಯಾಕರಣವು ಪ್ರಕಟವಾದುದು 1984ರಲ್ಲಿ. ಆಗ ಅವರ ವಯಸ್ಸು ಎಂಬತ್ತು. ನಿಷ್ಪತ್ತಿಕೋಶದ ಪರಿಷ್ಕೃತ ಆವೃತ್ತಿಯೂ ಹೊರಬಂದುದು ಅದೇ ವರ್ಷ.

ಇದನ್ನು ವಿಳಂಬವೆನ್ನಲು ನನಗೆ ಮನಸ್ಸು ಬಾರದು. ದೊಡ್ಡದು ಪಕ್ವವಾಗುವ ತನಕ ಸಣ್ಣದನ್ನು ಪೂರೈಸುತ್ತ ಹೋದ ನಿಷ್ಠೆಯಿದು.

ಮೈಸೂರು, ಧಾರವಾಡಗಳಲ್ಲಿ ಸಂಶೋಧನೆಗೆ ತೊಡಗಿ, ಹಳ್ಳಿಹಾಡಿಗಳಲ್ಲಿ ಬರೆದುಕೊಂಡ ಟಿಪ್ಪಣಿಗಳನ್ನು ಮಹಾಪ್ರಬಂಧದ ಭಯದಿಂದ ಕಟ್ಟಿಟ್ಟಿರುವ ತರುಣರು, ಅವುಗಳೊಳಗಿನ ಒಂದು ಕಥೆಯನ್ನಾದರೂ ಒಂದು ಹಾಡನ್ನಾದರೂ ಅರ್ಥಸಹಿತವಾಗಿ ಈ ತಿಂಗಳೊಳಗೆ ಬರೆದು ಮುಗಿಸಲಿ. ಸಂದೇಹ ಬಂದೆಡೆ ಹೋಗಿ ಕೇಳಲು ಅದನ್ನು ಹೇಳಿದ ಮುದುಕರು ಇನ್ನೂ ಇದ್ದಾರೆ.