ಸಕ್ಕರೆ ಕಾಯಿಲೆ: ನಿಮ್ಮ ಚಿಕಿತ್ಸೆಯ ಹೊಣೆ ಯಾರದು?

ಸಕ್ಕರೆಗೆ ಒಬ್ಬ ಡಾಕ್ಟರು, ಬಿಪಿಗೆ ಇನ್ನೊಬ್ಬರು, ಕಣ್ಣಿಗೆ ಮತ್ತೊಬ್ಬರು. ರಕ್ತ ಪರೀಕ್ಷೆಯ ವರದಿ ಮಗನ ಮೊಬೈಲಿನಲ್ಲಿ, ಹಳೆಯ ಚೀಟಿ ಊರಿನಲ್ಲಿ. ಊರಿಗೂ ಮುಂಬೈ, ಪುಣೆಯ ಮಕ್ಕಳ ಮನೆಗೂ ಓಡಾಡುವ ಹಿರಿಯರಿದ್ದರೆ ಈ ಪಾಡು ನಿಮಗೆ ಗೊತ್ತು. ಎಲ್ಲರೂ ಅವರವರ ಪಾಲಿನ ಕೆಲಸ ಮಾಡುತ್ತಾರೆ, ಒಟ್ಟಾರೆ ನೋಡುವವರು ಮಾತ್ರ ಇರುವುದಿಲ್ಲ.

ಹಾಗೆ ನೋಡುವವರು ಒಬ್ಬರಿದ್ದರೆ? ಭಾರತ ಮತ್ತು ಪಾಕಿಸ್ತಾನದ 10 ಮಧುಮೇಹ ಚಿಕಿತ್ಸಾಲಯಗಳಲ್ಲಿ ಇದನ್ನು ಪರೀಕ್ಷಿಸಲಾಯಿತು. ‘ಕಾರ್ಸ್’ ಎಂಬ ಈ ಅಧ್ಯಯನದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಸಕ್ಕರೆ ಹತೋಟಿಯಲ್ಲಿಲ್ಲದ, ಜೊತೆಗೆ ಬಿಪಿ ಅಥವಾ ಕೊಲೆಸ್ಟ್ರಾಲ್ ಕೂಡ ಹೆಚ್ಚಿದ್ದ 1,146 ಮಂದಿ ಇದರಲ್ಲಿದ್ದರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದಕ್ಕೆ, ರೋಗಿಯ ವಿವರ ನೋಡಿ ವೈದ್ಯರಿಗೆ ಸಲಹೆ ಸೂಚಿಸುವ ಕಂಪ್ಯೂಟರ್ ದಾಖಲೆ ಮತ್ತು ರೋಗಿಗಳನ್ನು ಬಿಡದೆ ವಿಚಾರಿಸಿಕೊಳ್ಳುವ ಸಂಯೋಜಕರು. ಸುಮಾರು ಎರಡೂವರೆ ವರ್ಷದ ನಂತರ, ಸಕ್ಕರೆಯ ಜೊತೆ ಬಿಪಿ ಅಥವಾ ಕೆಟ್ಟ ಕೊಲೆಸ್ಟ್ರಾಲನ್ನೂ ಗುರಿಯೊಳಗೆ ತಂದವರು ಮೊದಲ ಗುಂಪಿನಲ್ಲಿ ಶೇ 8.1, ಎರಡನೆಯದರಲ್ಲಿ ಶೇ 18.2. ಎರಡು ಪಟ್ಟಿಗೂ ಹೆಚ್ಚು, ನಿಜ. ಆದರೂ ಐವರಲ್ಲಿ ನಾಲ್ವರು ಗುರಿ ಮುಟ್ಟಲಿಲ್ಲ; ಇದು ಸುಲಭದ ಕಾಯಿಲೆಯಲ್ಲ.

ನಿಮ್ಮ ಆಸ್ಪತ್ರೆಯಲ್ಲಿ ಒಂದು ಮಾತು ಕೇಳಿ: ‘ನಾನು ತಪಾಸಣೆಗೆ ಬಾರದಿದ್ದರೆ ಯಾರಿಗೆ ತಿಳಿಯುತ್ತದೆ?’ ಉತ್ತರ ಸಿಗದಿದ್ದರೆ ಮನೆಯಲ್ಲೇ ಒಬ್ಬರು ಆ ಕೆಲಸ ವಹಿಸಿಕೊಳ್ಳಬೇಕು. ಎಲ್ಲ ಕಾಗದಗಳಿಗೂ ಒಂದೇ ಫೈಲು ಸಾಕು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ವರ್ಷಕ್ಕೆ ಎರಡು ಸಲವಾದರೂ ಆಗಲಿ; ಹತೋಟಿ ತಪ್ಪಿದ್ದರೆ ಅಥವಾ ಔಷಧಿ ಬದಲಾಗಿದ್ದರೆ ಮೂರು ತಿಂಗಳಿಗೊಮ್ಮೆ. ಕಣ್ಣಿನ ಅಕ್ಷಿಪಟಲ, ಮೂತ್ರದ ಆಲ್ಬುಮಿನ್, ರಕ್ತದ ಕ್ರಿಯಾಟಿನಿನ್, ಪಾದ, ಇವುಗಳ ತಪಾಸಣೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ಪಾದವನ್ನು ಡಾಕ್ಟರು ಕೇಳದಿದ್ದರೂ ನೀವೇ ಚಪ್ಪಲಿ ಬಿಚ್ಚಿ ತೋರಿಸಿ.

ಯಾರ ಬಳಿ ಹೋದರೂ ಮಾತ್ರೆಗಳನ್ನು ಸ್ಟ್ರಿಪ್ ಸಮೇತ ಒಯ್ಯಿರಿ. ಒಂದೇ ಔಷಧಿ ಎರಡು ಕಂಪನಿಯ ಹೆಸರಿನಲ್ಲಿ ಇಬ್ಬರು ವೈದ್ಯರ ಚೀಟಿಯಲ್ಲಿರಬಹುದು. ಅದು ಗ್ಲಿಮೆಪಿರೈಡ್ ಆಗಿದ್ದು ಎರಡನ್ನೂ ನುಂಗಿದರೆ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು: ಬೆವರು, ನಡುಕ, ತಡವರಿಸುವ ಮಾತು. ಎಚ್ಚರವಿದ್ದರೆ ತಕ್ಷಣ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ, ಆ ಫೈಲಿನ ಸಮೇತ.