ಕ್ಲೋರೋಫಾರ್ಮಿನ ಅರ್ಜಿ, ಎಡೆದೊರೆಯ ಕಂದಾಯ

ಸಂಶೋಧನೆಗೆ ಹಣ ಕೇಳುವ ಅರ್ಜಿಗಳಲ್ಲಿ ಎರಡು ಬಗೆ. ಒಂದರಲ್ಲಿ ವಿಜ್ಞಾನಿ ತನ್ನ ಹೆಸರಿನಲ್ಲೇ ಕೇಳುತ್ತಾನೆ: ಪ್ರಶ್ನೆ ಇಂಥದ್ದು, ಇಷ್ಟು ವರ್ಷ ಬೇಕು, ಇಷ್ಟು ಖರ್ಚು. ಇನ್ನೊಂದರಲ್ಲಿ ಒಂದು ಕಾಲೇಜೋ ವಿಶ್ವವಿದ್ಯಾಲಯವೋ ಕೇಳುತ್ತದೆ: ನಮ್ಮಲ್ಲಿ ಕಲಿಸುವವರಿದ್ದಾರೆ, ಪ್ರಯೋಗಾಲಯವಿದೆ, ಹಣ ಕೊಟ್ಟರೆ ಸಂಶೋಧಕರನ್ನು ತಯಾರು ಮಾಡುತ್ತೇವೆ. ಮೊದಲನೆಯದು ಉತ್ತರಕ್ಕೆ ಕೊಡುವ ಹಣ. ಎರಡನೆಯದು ಮನುಷ್ಯರಿಗೆ ಕೊಡುವ ಹಣ.

ಎಂಜಿನಿಯರಿಂಗ್ ಕಾಲೇಜಿನ ಮೇಷ್ಟರಾಗಿ ಇಂಥ ಎರಡನೆಯ ಬಗೆಯ ಅರ್ಜಿಗಳನ್ನು ಬರೆಯುವ ತಂಡಗಳಲ್ಲಿ ನಾನು ಕೂತಿದ್ದೇನೆ. ನನ್ನ ವಿಷಯ ಬಯೋಮೆಡಿಕಲ್ ಎಂಜಿನಿಯರಿಂಗ್. ಅಂದರೆ ಇಸಿಜಿ, ಡಯಾಲಿಸಿಸ್ ಯಂತ್ರ, ಕೃತಕ ಕಾಲು, ಐಸಿಯುದಲ್ಲಿ ಉಸಿರು ಎಣಿಸುವ ಮಾನಿಟರು, ಇವುಗಳನ್ನು ಮಾಡುವ ಮತ್ತು ಸುಧಾರಿಸುವ ವಿದ್ಯೆ. ವೈದ್ಯರ ಭಾಷೆಯೂ ಎಂಜಿನಿಯರರ ಭಾಷೆಯೂ ಬರುವವರನ್ನು ಒಂದೇ ಛಾವಣಿಯ ಕೆಳಗೆ ಬೆಳೆಸಬೇಕಾದ್ದರಿಂದ ಇಲ್ಲಿ ಸಂಸ್ಥೆಗೆ ಸಿಗುವ ತರಬೇತಿ ಅನುದಾನವೇ ಮುಖ್ಯ. ನಮ್ಮೂರು ಕವಿತಾಳ. ರಾಯಚೂರಿನಿಂದ ಸಿರವಾರದ ಮೇಲೆ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿದೆ. ಮೊನ್ನೆ ಮೊನ್ನೆಯವರೆಗೂ ಮಾನ್ವಿ ತಾಲೂಕು, ಈಗ ಸಿರವಾರ ತಾಲೂಕು. ಇಂಥ ಊರಿಗೂ ವೈದ್ಯಕೀಯ ಉಪಕರಣಗಳ ಸಂಶೋಧನೆಗೂ ಎತ್ತಣಿಂದೆತ್ತ ಎಂದು ಬಹಳ ದಿನ ಅಂದುಕೊಂಡಿದ್ದೆ. ಚರಿತ್ರೆ ಬೇರೆಯದನ್ನೇ ಹೇಳುತ್ತದೆ.

ಅರ್ಜಿ, ಮಂಜೂರು, ಖರ್ಚು, ವಸೂಲಿ, ಇವೆಲ್ಲ ಅರಬ್ಬಿ ಪಾರಸಿಗಳಿಂದ ಬಂದು ನಮ್ಮವೇ ಆದ ಪದಗಳು. ಕೃಷ್ಣಾ ತುಂಗಭದ್ರೆಗಳ ನಡುವಿನ ನಮ್ಮ ಸೀಮೆಯನ್ನು ಹಳೆಯ ಶಾಸನಗಳು ಎಡೆದೊರೆ ನಾಡು ಎಂದವು, ಕಚೇರಿಯವರು ರಾಯಚೂರು ದೋಆಬ್ ಎಂದರು. 1853ರಲ್ಲಿ ಸೈನ್ಯದ ಖರ್ಚಿನ ಬಾಕಿಗಾಗಿ ನಿಜಾಮ ಸರ್ಕಾರ ಈ ದೋಆಬನ್ನು ಬ್ರಿಟಿಷರ ಸುಪರ್ದಿಗೆ ಕೊಟ್ಟಿತು. 1860ರಲ್ಲಿ ಅದು ಮರಳಿ ಹೈದರಾಬಾದಿನ ಕೈಗೆ ಬಂತು. ಅಲ್ಲಿಂದ 1948ರವರೆಗೆ ಇಲ್ಲಿನ ಕರಿಮಣ್ಣಿನ ಜೋಳ, ಹತ್ತಿಗಳ ಕಂದಾಯವೆಲ್ಲ ಸೇರಿದ್ದು ಅಲ್ಲಿನ ಬೊಕ್ಕಸಕ್ಕೆ.

ಆ ಬೊಕ್ಕಸದಿಂದ 1880ರ ದಶಕದ ಕೊನೆಗೆ ಒಂದು ವಿಚಿತ್ರ ಬಾಬ್ತಿಗೆ ಹಣ ಮಂಜೂರಾಯಿತು. ಕ್ಲೋರೋಫಾರ್ಮಿನ ಪ್ರಯೋಗಕ್ಕೆ!

1847ರಲ್ಲಿ ಎಡಿನ್‌ಬರೊದ ಜೇಮ್ಸ್ ಸಿಂಪ್ಸನ್ ಬಳಕೆಗೆ ತಂದ ಕ್ಲೋರೋಫಾರ್ಮು ಶಸ್ತ್ರಚಿಕಿತ್ಸೆಯ ನೋವನ್ನು ಕಳೆದಿತ್ತು. ಆದರೆ ಅಲ್ಲೊಬ್ಬರು ಇಲ್ಲೊಬ್ಬರು ಮೇಜಿನ ಮೇಲೇ ತೀರಿಹೋಗುತ್ತಿದ್ದರು. ಕಾರಣವೇನು? ಉಸಿರು ಮೊದಲು ನಿಲ್ಲುತ್ತದೆ, ಉಸಿರಾಟದ ಮೇಲೆ ಕಣ್ಣಿಟ್ಟರೆ ಅಪಾಯವಿಲ್ಲ ಎಂದು ಎಡಿನ್‌ಬರೊದವರು. ಇಲ್ಲ, ಹೃದಯವೇ ನಿಲ್ಲುತ್ತದೆ, ನಾಡಿ ಹಿಡಿದು ಕೂತಿರಬೇಕು ಎಂದು ಲಂಡನ್ನಿನವರು. ಈ ಜಗಳ ಬಗೆಹರಿಯದೆ ದಶಕಗಳೇ ಕಳೆದಿದ್ದವು.

ಹೈದರಾಬಾದಿನಲ್ಲಿ 1846ರಿಂದ ಒಂದು ವೈದ್ಯಕೀಯ ಶಾಲೆಯಿತ್ತು. ಮೊದಲಿಗೆ ಅಲ್ಲಿ ಪಾಠ ನಡೆಯುತ್ತಿದ್ದದ್ದು ಉರ್ದುವಿನಲ್ಲಿ. 1885ರ ಹೊತ್ತಿಗೆ ಅದರ ಮುಖ್ಯಸ್ಥನಾಗಿ ಬಂದವನು ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿ. ಎಡಿನ್‌ಬರೊದಲ್ಲಿ ಜೇಮ್ಸ್ ಸೈಮ್‌ನ ಕೈಕೆಳಗೆ ಪಳಗಿದವನು. ಹೀಗಾಗಿ ಉಸಿರಾಟದ ಪಕ್ಷದವನು, ಅದೂ ಕಟ್ಟಾ ಪಕ್ಷದವನು. 1888ರಲ್ಲಿ ನಿಜಾಮ ಮಹಬೂಬ್ ಅಲಿ ಖಾನ್ ಸರ್ಕಾರದ ಬೆಂಬಲದಿಂದ ಮೊದಲ ಕ್ಲೋರೋಫಾರ್ಮ್ ಆಯೋಗ ನಡೆಯಿತು. ನಾಯಿಗಳ ಮೇಲೆ ನೂರಕ್ಕೂ ಹೆಚ್ಚು ಪ್ರಯೋಗಗಳಾದವು. ಉಸಿರೇ ಮೊದಲು ನಿಲ್ಲುತ್ತದೆ ಎಂಬ ತೀರ್ಮಾನ ಬಂತು. ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆ ನಂಬಲಿಲ್ಲ.

ಆಗ ಲಾರಿ ಮಾಡಿದ್ದು ಇಂದಿನ ಯಾವ ಪ್ರಿನ್ಸಿಪಾಲರಿಗೂ ಅರ್ಥವಾಗುವ ಕೆಲಸ. ಮತ್ತೆ ಸರ್ಕಾರದ ಬಳಿ ಹೋದ. ನಿಮ್ಮ ಕಡೆಯ ಪರಿಣತನೊಬ್ಬನನ್ನು ಕಳಿಸಿ, ಖರ್ಚಿಗೆ ಸಾವಿರ ಪೌಂಡು ನಾವು ಕೊಡುತ್ತೇವೆ ಎಂದು ನಿಜಾಮ ಸರ್ಕಾರ ಲ್ಯಾನ್ಸೆಟ್‌ಗೆ ತಿಳಿಸಿತು. ಆಗಿನ ದಿವಾನ ಸರ್ ಆಸ್ಮಾನ್ ಜಾ. ಲ್ಯಾನ್ಸೆಟ್ ಕಳಿಸಿದ್ದು ಆ ಕಾಲದ ದೊಡ್ಡ ಔಷಧವಿಜ್ಞಾನಿ ಲಾಡರ್ ಬ್ರಂಟನ್‌ನನ್ನು. 1889ರ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ನಾಯಿ, ಕೋತಿ ಮೊದಲಾದ ನಾನೂರಕ್ಕೂ ಹೆಚ್ಚು ಪ್ರಾಣಿಗಳ ಮೇಲೆ ಪ್ರಯೋಗ ನಡೆಯಿತು. ಇಂದಿನ ಪ್ರಾಣಿ ನೈತಿಕತಾ ಸಮಿತಿಯ ಮುಂದೆ ಆ ಪಟ್ಟಿ ಇಟ್ಟರೆ ಮೊದಲ ಪುಟದಲ್ಲೇ ತಿರಸ್ಕಾರವಾಗುತ್ತಿತ್ತು.

ನನ್ನನ್ನು ಸೆಳೆದದ್ದು ಅಲ್ಲಿನ ಉಪಕರಣ. ಪ್ರಾಣಿಯ ಅಪಧಮನಿಗೆ ಜೋಡಿಸಿದ ಪಾದರಸದ ಕೊಳವೆ, ಪಾದರಸದ ಮೇಲೆ ತೇಲುವ ಕಡ್ಡಿ, ಅದರ ತುದಿಯ ಮೊನೆ, ಮುಂದೆ ನಿಧಾನಕ್ಕೆ ತಿರುಗುವ ಉರುಳೆಯ ಮೇಲೆ ಕಾಗದ. ರಕ್ತದೊತ್ತಡ ಏರಿದರೆ ಗೆರೆ ಏರುತ್ತದೆ, ಇಳಿದರೆ ಇಳಿಯುತ್ತದೆ. ಜರ್ಮನಿಯ ಕಾರ್ಲ್ ಲುಡ್ವಿಗ್ 1840ರ ದಶಕದಲ್ಲಿ ಕಟ್ಟಿದ ಕೈಮೋಗ್ರಾಫ್ ಎಂಬ ಯಂತ್ರದ ತತ್ವ ಇದು. ಐಸಿಯುಗಳಲ್ಲಿ ಇಂದು ಮಿನುಗುವ ಹಸಿರು ಗೆರೆಗೆ ಇದೇ ಅಜ್ಜ. ಜೀವವನ್ನು ಗೆರೆಯಾಗಿ ಬರೆಯುವ ಈ ವಿದ್ಯೆ ದಕ್ಕನ್ನಿನ ಒಂದು ಶಾಲೆಗೆ ಬಂದದ್ದು ರೈತರ ಕಂದಾಯವೂ ಸೇರಿದ ಹಣದಲ್ಲಿ. ಅದರಲ್ಲಿ ಮಾನ್ವಿ ಸೀಮೆಯ ಪಾಲು ಎಷ್ಟು ಎಂದು ಲೆಕ್ಕ ಹಾಕಲಾಗದು. ಪಾಲು ಇತ್ತು ಎನ್ನುವುದಕ್ಕೆ ಲೆಕ್ಕ ಬೇಕಿಲ್ಲ.

1890ರಲ್ಲಿ ವರದಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಬೇರೆ ಅಭಿಪ್ರಾಯ ಇಟ್ಟುಕೊಂಡು ಬಂದಿದ್ದ ಬ್ರಂಟನ್ ಲಾರಿಯ ಕಡೆಗೇ ವಾಲಿದ್ದ. ಲಾರಿ ಗೆದ್ದ. ಆದರೆ ಉತ್ತರ ತಪ್ಪಾಗಿತ್ತು. 1911ರಲ್ಲಿ ಗುಡ್‌ಮನ್ ಲೆವಿ ಬೆಕ್ಕುಗಳ ಮೇಲಿನ ಪ್ರಯೋಗದಿಂದ ತೋರಿಸಿಕೊಟ್ಟ ಸಂಗತಿಯೆಂದರೆ, ಕ್ಲೋರೋಫಾರ್ಮು ಅರೆಬರೆ ಏರಿದ್ದಾಗಲೇ ಹೃದಯ ಲಯ ತಪ್ಪಿ ಕಂಪಿಸಿ ಇದ್ದಕ್ಕಿದ್ದಂತೆ ನಿಂತುಬಿಡಬಹುದು. ಅರ್ಜಿಯಲ್ಲಿ ಏನನ್ನು ಸಾಬೀತು ಮಾಡುತ್ತೇವೆಂದು ಹೇಳಿದ್ದರೋ ಅದು ಹೀಗೆ ಇಪ್ಪತ್ತೇ ವರ್ಷದಲ್ಲಿ ಬಿದ್ದುಹೋಯಿತು.

ಹಾಗಾದರೆ ಹಣ ದಂಡವಾಯಿತೆ? ಇಲ್ಲ. ಲಾರಿಯ ಶಾಲೆಗೆ 1885ರಲ್ಲಿ ಹೆಣ್ಣುಮಕ್ಕಳೂ ಸೇರಿದ್ದರು. ಅವರಲ್ಲಿ ಒಬ್ಬರು ರೂಪಾಬಾಯಿ ಫರ್ದೂನ್‌ಜಿ. ಆಯೋಗದ ವರ್ಷಗಳಲ್ಲೇ ಅಲ್ಲಿ ಓದಿ, ಕ್ಲೋರೋಫಾರ್ಮು ಕೊಡುವುದನ್ನು ಕಲಿತು, ಹೈದರಾಬಾದಿನ ಆಸ್ಪತ್ರೆಗಳಲ್ಲಿ ಅರಿವಳಿಕೆ ವೈದ್ಯೆಯಾಗಿ ದಶಕಗಳ ಕಾಲ ದುಡಿದರು. 1909ರಲ್ಲಿ ಹೆಚ್ಚಿನ ಓದಿಗೆ ಎಡಿನ್‌ಬರೊಗೆ ಹೋದರು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞರ ಸಾಲಿನಲ್ಲಿ ಇಂದು ಅವರ ಹೆಸರಿದೆ. ಸಾವಿರ ಪೌಂಡಿನ ಉತ್ತರ ಉಳಿಯಲಿಲ್ಲ. ಆ ಶಾಲೆಯಲ್ಲಿ ಕಲಿತ ಕೈ ಉಳಿಯಿತು.

ಇದನ್ನು ತತ್ವವಾಗಿ ಒಪ್ಪಿಕೊಂಡು ಅರ್ಜಿ ನಮೂನೆಯೊಳಗೇ ಕೂರಿಸಿದವರು ಅಮೆರಿಕದವರು. 1974ರ ಕಾಯ್ದೆಯ ಅಡಿ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಕೊಡುವ ಟಿ-32 ಎಂಬ ಅನುದಾನ ಹೋಗುವುದು ವಿಶ್ವವಿದ್ಯಾಲಯಕ್ಕೆ. ವಿದ್ಯಾರ್ಥಿಗಳನ್ನು ಆರಿಸುವುದು ಆ ವಿಶ್ವವಿದ್ಯಾಲಯವೇ. ಅರ್ಜಿಯ ತೂಕವೆಲ್ಲ ಕೋಷ್ಟಕಗಳಲ್ಲಿದೆ: ಮಾರ್ಗದರ್ಶಕರು ಯಾರು, ಅವರ ಬಳಿ ಹಿಂದೆ ಕಲಿತವರು ಎಷ್ಟು ವರ್ಷದಲ್ಲಿ ಮುಗಿಸಿದರು, ಅರ್ಧಕ್ಕೆ ಬಿಟ್ಟವರು ಎಷ್ಟು, ಈಗ ಎಲ್ಲಿದ್ದಾರೆ. ನಿಮ್ಮ ಯಂತ್ರ ಎಷ್ಟು ದೊಡ್ಡದು ಎಂಬುದಕ್ಕಿಂತ ನಿಮ್ಮ ಹಳೆಯ ವಿದ್ಯಾರ್ಥಿ ಏನಾದ ಎಂಬುದು ಅಲ್ಲಿ ಮುಖ್ಯ. ಬಯೋಮೆಡಿಕಲ್ ಎಂಜಿನಿಯರಿಂಗ್‌ಗೇ ಮೀಸಲಾಗಿ 1975ರಲ್ಲಿ ಹುಟ್ಟಿದ ವಿಟೇಕರ್ ಪ್ರತಿಷ್ಠಾನ ತನ್ನ ಹಣವನ್ನೆಲ್ಲ ವಿಭಾಗ ಕಟ್ಟಲು, ವಿದ್ಯಾರ್ಥಿಗಳನ್ನು ಸಾಕಲು ಖರ್ಚು ಮಾಡಿ 2006ರಲ್ಲಿ ತಾನಾಗಿಯೇ ಬಾಗಿಲು ಹಾಕಿತು. ಅದು ಕಟ್ಟಿದ ವಿಭಾಗಗಳು ನಡೆಯುತ್ತಲೇ ಇವೆ.

ಕರ್ನಾಟಕದಲ್ಲೂ ಸಂಸ್ಥೆಯನ್ನು ನಂಬಿ ಕೊಟ್ಟ ದೊಡ್ಡ ಉದಾಹರಣೆಗಳಿವೆ. ಮೈಸೂರು ಅರಸರು ಬೆಂಗಳೂರಿನಲ್ಲಿ 371 ಎಕರೆ ಕೊಟ್ಟರು, ಟಾಟಾ ಅವರ ದತ್ತಿ ಸೇರಿತು, 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಆಯಿತು. ಅದೇ ಸಂಸ್ಥೆಗೆ 2022ರಲ್ಲಿ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು 425 ಕೋಟಿ ರೂಪಾಯಿ ಕೊಡುವುದಾಗಿ ಹೇಳಿದರು. ಸಂಶೋಧನೆ ಮಾಡಬಲ್ಲ ವೈದ್ಯರನ್ನು ಎಂಜಿನಿಯರರ ನೆರೆಯಲ್ಲೇ ತಯಾರು ಮಾಡುವ ಆಸ್ಪತ್ರೆ ಮತ್ತು ವೈದ್ಯಕೀಯ ಶಾಲೆಗಾಗಿ ಆ ಹಣ.

ನಮ್ಮ ಭಾಗಕ್ಕೂ ಒಂದು 371 ಬಂತು. ಸಂವಿಧಾನದ 371(ಜೆ) ವಿಧಿ, 2013ರಲ್ಲಿ. ಅದರಿಂದ ಮಾನ್ವಿ, ದೇವದುರ್ಗದ ಮಕ್ಕಳಿಗೆ ಎಂಬಿಬಿಎಸ್ ಸೀಟು ಸಿಕ್ಕಿವೆ, ಎಂಜಿನಿಯರಿಂಗ್ ಸೀಟು ಸಿಕ್ಕಿವೆ, ನೌಕರಿ ಸಿಕ್ಕಿವೆ. ಸಣ್ಣ ಮಾತಲ್ಲ. ಆದರೆ ಸೀಟು ಹುಡುಗನನ್ನು ಊರಿನಿಂದ ಕರೆದೊಯ್ಯುತ್ತದೆ. ಅವನು ಓದು ಮುಗಿಸಿ ಮರಳಿ ಬಂದು ನಿಲ್ಲಲು ಪ್ರಯೋಗಾಲಯ ಬೇಕು, ಅದನ್ನು ನಡೆಸುವ ಸಂಸ್ಥೆ ಬೇಕು. ರಾಯಚೂರಿನ ಹೆಸರಿನ ಐಐಐಟಿಯೇ 2019ರಲ್ಲಿ ಶುರುವಾದಾಗ ಅದರ ಮೊದಲ ತರಗತಿಗಳು ನಡೆದದ್ದು ಐಐಟಿ ಹೈದರಾಬಾದಿನ ಆವರಣದಲ್ಲಿ. ನೂರಮೂವತ್ತು ವರ್ಷ ಕಳೆದರೂ ದಾರಿ ಅದೇ ದಿಕ್ಕಿಗೆ!

ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ರಾಯಚೂರಿನಲ್ಲಿ ಶುರುವಾದ ಧರಣಿ ಸಾವಿರ ದಿನ ದಾಟಿತು. ಹೊರಗಿನವರು ಅದನ್ನು ಆಸ್ಪತ್ರೆಗಾಗಿ ಹೋರಾಟ ಎಂದು ನೋಡುತ್ತಾರೆ. ನನಗೆ ಅದು ಸಾಮಿಯಾನದ ಕೆಳಗೆ ಕೂತು ಬರೆದ ಸಾಂಸ್ಥಿಕ ಅರ್ಜಿಯಂತೆ ಕಾಣುತ್ತದೆ. ಅಲ್ಲಿ ಕೂತವರು ಕೇಳುತ್ತಿರುವುದು ತಮ್ಮ ಮಗನಿಗೊಂದು ಸೀಟನ್ನಲ್ಲ. ಸೀಟು ಹುಟ್ಟಿಸುವ ಜಾಗವನ್ನು.

ಹೊಸದಾಗಿ ಇಂಥ ಅರ್ಜಿ ಬರೆಯಲು ಕೂರುವ ನಮ್ಮ ಭಾಗದ ಮೇಷ್ಟರುಗಳಿಗೆ ಹೇಳುವುದಿಷ್ಟೆ. ಉಪಕರಣಗಳ ಪಟ್ಟಿಯಿಂದ ಶುರು ಮಾಡಬೇಡಿ. ದರಪಟ್ಟಿ ತರಿಸುವುದು ಸುಲಭ. ಮೂರು ವರ್ಷದ ನಂತರ ಬಟ್ಟೆ ಹೊದೆಸಿ ಮೂಲೆಯಲ್ಲಿಟ್ಟ ಯಂತ್ರಗಳನ್ನು ನಾನು ಒಂದಕ್ಕಿಂತ ಹೆಚ್ಚು ಕಾಲೇಜುಗಳಲ್ಲಿ ಕಂಡಿದ್ದೇನೆ. ನಡೆಸುವವರನ್ನು ಯಾರೂ ತಯಾರು ಮಾಡಿರಲಿಲ್ಲ. ಪಕ್ಕದ ಸರ್ಕಾರಿ ಆಸ್ಪತ್ರೆಯಲ್ಲಿ ಯಾವ ಮಾನಿಟರು ಯಾಕೆ ಕೆಟ್ಟು ಕೂತಿದೆ ಎಂದು ಮೊದಲು ನೋಡಿ ಬನ್ನಿ. ಅದನ್ನು ಬಿಚ್ಚಿ ನೋಡಬಲ್ಲ ಇಬ್ಬರು ಹುಡುಗಿಯರು, ಇಬ್ಬರು ಹುಡುಗರು ನಿಮ್ಮ ತರಗತಿಯಲ್ಲಿದ್ದಾರೆಯೇ ಕೇಳಿಕೊಳ್ಳಿ. ನಿಮ್ಮಲ್ಲಿ ಹಿಂದೆ ಓದಿದವರು ಈಗ ಎಲ್ಲಿದ್ದಾರೆ ಎಂಬ ಪಟ್ಟಿಯನ್ನು, ಯಾರೂ ಕೇಳದಿದ್ದರೂ, ಇವತ್ತಿನಿಂದಲೇ ಇಡಿ. ಅರ್ಜಿಯ ಮೊದಲ ಪುಟಕ್ಕೆ ಬೇಕಾದ್ದು ಅದು. ಹಣ ಕೊಡುವವರು ಕೇಳುವ ಪ್ರಶ್ನೆಯ ಉತ್ತರ ಲಾರಿಯದರಂತೆ ಮುಂದೆ ತಪ್ಪಾಗಬಹುದು. ಆದರೆ ಆ ನಾಲ್ವರು ಕಲಿತದ್ದನ್ನು ಯಾವ ಲೆವಿಯೂ ಬಂದು ಸುಳ್ಳು ಮಾಡಲಾರ.