ನೋ ಚೈಲ್ಡ್ ಲೆಫ್ಟ್ ಬಿಹೈಂಡ್ ಕಾಯಿದೆ

ನೋ ಚೈಲ್ಡ್ ಲೆಫ್ಟ್ ಬಿಹೈಂಡ್ ಕಾಯಿದೆಯು ಅಮೆರಿಕ ಸಂಯುಕ್ತ ಸಂಸ್ಥಾನದ ಸಾರ್ವಜನಿಕ ಶಾಲೆಗಳಲ್ಲಿ ಮೂರರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ಪ್ರತಿವರ್ಷ ಓದು ಮತ್ತು ಗಣಿತದಲ್ಲಿ ಪ್ರಮಾಣೀಕೃತ ಪರೀಕ್ಷೆ ನಡೆಸುವುದನ್ನು ಕಡ್ಡಾಯಗೊಳಿಸಿದ ಶಿಕ್ಷಣ ಕಾಯಿದೆ. 'ಯಾವ ಮಗುವೂ ಹಿಂದುಳಿಯಬಾರದು' ಎಂಬುದು ಈ ಹೆಸರಿನ ಆಶಯ. ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಅವರು ೨೦೦೨ರ ಜನವರಿ ೮ರಂದು ಒಹಾಯೊ ರಾಜ್ಯದ ಹ್ಯಾಮಿಲ್ಟನ್ ನಗರದಲ್ಲಿ ಇದಕ್ಕೆ ಸಹಿ ಹಾಕಿದರು. ೨೦೧೩–೧೪ರ ಶೈಕ್ಷಣಿಕ ವರ್ಷ ಮುಗಿಯುವುದರೊಳಗೆ ವಿದ್ಯಾರ್ಥಿಗಳೆಲ್ಲರೂ ಈ ಎರಡು ವಿಷಯಗಳಲ್ಲಿ 'ಪ್ರವೀಣ'ರಾಗಬೇಕು ಎಂಬುದು ಕಾಯಿದೆಯ ಗುರಿಯಾಗಿತ್ತು. ಆದರೆ ಪ್ರವೀಣನೆನಿಸಿಕೊಳ್ಳಲು ಎಷ್ಟು ತಿಳಿದಿರಬೇಕು ಎಂಬುದನ್ನು ಕಾಯಿದೆ ತಾನೇ ಹೇಳದೆ ಆಯಾ ರಾಜ್ಯಗಳಿಗೆ ಬಿಟ್ಟಿತು. ಮುಂದೆ ಎದ್ದ ವಿವಾದಗಳಲ್ಲಿ ಹಲವಕ್ಕೆ ಮೂಲ ಇಲ್ಲಿದೆ. ೨೦೧೫ರಲ್ಲಿ ಇದರ ಸ್ಥಾನದಲ್ಲಿ ಬೇರೊಂದು ಕಾಯಿದೆ ಬಂದಿತು.

ಹಿನ್ನೆಲೆ

ಅಮೆರಿಕದ ಸಂವಿಧಾನದಲ್ಲಿ ಶಿಕ್ಷಣದ ಪ್ರಸ್ತಾಪವಿಲ್ಲ. ಶಾಲೆಗಳನ್ನು ನಡೆಸುವ ಹೊಣೆ ರಾಜ್ಯಗಳದು ಮತ್ತು ಸ್ಥಳೀಯ ಶಾಲಾ ಮಂಡಳಿಗಳದು. ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ಕಾಲದಲ್ಲಿ, ೧೯೬೫ರಲ್ಲಿ, ಜಾರಿಗೆ ಬಂದ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ ಕಾಯಿದೆಯು ಬಡ ಮಕ್ಕಳು ಹೆಚ್ಚಾಗಿರುವ ಶಾಲೆಗಳಿಗೆ ಒಕ್ಕೂಟ ಸರ್ಕಾರದ ಅನುದಾನವನ್ನು ಒದಗಿಸಿತು. 'ಟೈಟಲ್ ಒನ್' ಎಂದು ಹೆಸರಾದ ಈ ಅನುದಾನವೇ ಮುಂದೆ ಒಕ್ಕೂಟ ಸರ್ಕಾರವು ರಾಜ್ಯಗಳಿಗೆ ಷರತ್ತು ವಿಧಿಸುವ ಸಾಧನವಾಯಿತು. ಶಾಲೆಗಳ ಗುಣಮಟ್ಟ ಕುಸಿಯುತ್ತಿದೆಯೆಂದು ಎಚ್ಚರಿಸಿದ 'ಎ ನೇಷನ್ ಅಟ್ ರಿಸ್ಕ್' ವರದಿ ೧೯೮೩ರಲ್ಲಿ ಪ್ರಕಟವಾಯಿತು. ೧೯೯೪ರ ತಿದ್ದುಪಡಿಯಂತೆ ಪ್ರಾಥಮಿಕ, ಮಾಧ್ಯಮಿಕ ಮತ್ತು ಪ್ರೌಢ ಹಂತಗಳಲ್ಲಿ ತಲಾ ಒಮ್ಮೆ ಪರೀಕ್ಷೆ ನಡೆಸಬೇಕಾಗಿತ್ತು.

ಬುಷ್ ಅವರು ಗವರ್ನರ್ ಆಗಿದ್ದ ಟೆಕ್ಸಾಸ್‌ನಲ್ಲಿ ಪರೀಕ್ಷಾಫಲದ ಆಧಾರದ ಮೇಲೆ ಶಾಲೆಗಳನ್ನು ಶ್ರೇಣೀಕರಿಸುವ ಪದ್ಧತಿ ಆಗಲೇ ನಡೆಯುತ್ತಿತ್ತು. ಹೊಸ ಮಸೂದೆಯನ್ನು ರೂಪಿಸುವಲ್ಲಿ ರಿಪಬ್ಲಿಕನ್ನರಾದ ಜಾನ್ ಬೇನರ್, ಜಡ್ ಗ್ರೆಗ್ ಅವರೊಂದಿಗೆ ಡೆಮಾಕ್ರಟರಾದ ಎಡ್ವರ್ಡ್ ಕೆನೆಡಿ, ಜಾರ್ಜ್ ಮಿಲ್ಲರ್ ಅವರೂ ಕೈಜೋಡಿಸಿದರು. ೨೦೦೧ರ ಡಿಸೆಂಬರ್‌ನಲ್ಲಿ ಪ್ರತಿನಿಧಿಸಭೆ ಇದನ್ನು ೩೮೧–೪೧ ಮತಗಳಿಂದಲೂ ಸೆನೆಟ್ ೮೭–೧೦ ಮತಗಳಿಂದಲೂ ಅಂಗೀಕರಿಸಿದವು.

ಪರೀಕ್ಷೆ ಮತ್ತು ಹೊಣೆಗಾರಿಕೆ

ವಾರ್ಷಿಕ ಪರೀಕ್ಷೆಗಳು ೨೦೦೫–೦೬ರಿಂದ ಕಡ್ಡಾಯವಾದವು. ಶಾಲೆಯ ಸರಾಸರಿಯನ್ನಷ್ಟೇ ಪ್ರಕಟಿಸಿದರೆ ಸಾಲದು; ಬಡ ಮಕ್ಕಳು, ಅಂಗವಿಕಲ ಮಕ್ಕಳು, ಇಂಗ್ಲಿಷ್ ಕಲಿಯುತ್ತಿರುವವರು ಹಾಗೂ ಬೇರೆ ಬೇರೆ ಜನಾಂಗಗಳವರು, ಹೀಗೆ ಪ್ರತಿಯೊಂದು ಗುಂಪಿನ ಫಲಿತಾಂಶವನ್ನೂ ಪ್ರತ್ಯೇಕವಾಗಿ ತೋರಿಸಬೇಕಿತ್ತು. ಒಳ್ಳೆಯ ಸರಾಸರಿಯ ಮರೆಯಲ್ಲಿ ಹಿಂದುಳಿದ ಮಕ್ಕಳು ಕಾಣದೆ ಹೋಗುವುದನ್ನು ತಪ್ಪಿಸಿದ ಈ ನಿಯಮವನ್ನು ಕಾಯಿದೆಯ ಕಟು ಟೀಕಾಕಾರರಲ್ಲಿಯೂ ಅನೇಕರು ಮೆಚ್ಚಿದ್ದಾರೆ. ದುರ್ಬಲ ವಿದ್ಯಾರ್ಥಿಗಳನ್ನು ಪರೀಕ್ಷೆಯ ದಿನ ಮನೆಯಲ್ಲಿ ಉಳಿಸದಂತೆ, ಪ್ರತಿ ಗುಂಪಿನಲ್ಲಿಯೂ ಶೇಕಡಾ ೯೫ರಷ್ಟು ಮಂದಿ ಪರೀಕ್ಷೆ ಬರೆಯಲೇಬೇಕೆಂದು ವಿಧಿಸಲಾಯಿತು.

ರಾಜ್ಯವು ಪ್ರತಿವರ್ಷಕ್ಕೆ ನಿಗದಿಪಡಿಸಿದ ಗುರಿಯನ್ನು ಮುಟ್ಟುವುದಕ್ಕೆ 'ಸಮರ್ಪಕ ವಾರ್ಷಿಕ ಪ್ರಗತಿ' ಎಂದು ಹೆಸರು. ಒಂದೇ ಒಂದು ಗುಂಪು ಒಂದೇ ವಿಷಯದಲ್ಲಿ ಹಿಂದೆ ಬಿದ್ದರೂ ಇಡೀ ಶಾಲೆ ವಿಫಲವೆಂದು ಗಣನೆಯಾಗುತ್ತಿತ್ತು. ಆ ಗುಂಪಿನಲ್ಲಿ ಪ್ರವೀಣರಲ್ಲದವರ ಸಂಖ್ಯೆ ಹಿಂದಿನ ವರ್ಷಕ್ಕಿಂತ ಹತ್ತನೆಯ ಒಂದು ಭಾಗದಷ್ಟು ಇಳಿದಿದ್ದರೆ ಮಾತ್ರ ವಿನಾಯಿತಿ ದೊರೆಯಬಹುದಿತ್ತು. ಅನುದಾನ ಪಡೆಯುವ ಶಾಲೆಯೊಂದು ಸತತ ಎರಡು ವರ್ಷ ವಿಫಲವಾದರೆ ಮಕ್ಕಳು ಬೇರೆ ಶಾಲೆಗೆ ಸೇರುವ ಅವಕಾಶ ಪಡೆಯುತ್ತಿದ್ದರು. ಮೂರನೆಯ ವರ್ಷಕ್ಕೆ ಉಚಿತ ಮನೆಪಾಠ, ಅನಂತರ ಸಿಬ್ಬಂದಿಯ ಬದಲಾವಣೆಯಂತಹ ಕ್ರಮ, ಕೊನೆಗೆ ಶಾಲೆಯ ಪುನಾರಚನೆ. ಶಾಲೆ ಬದಲಿಸುವ ಅವಕಾಶವನ್ನು ಅರ್ಹರಲ್ಲಿ ನೂರಕ್ಕೆ ಸುಮಾರು ಒಬ್ಬರು ಮಾತ್ರ ಬಳಸಿಕೊಂಡರು.

ಪ್ರಾವೀಣ್ಯದ ಗಡಿ

ಪ್ರವೀಣ ಮತ್ತು ಪ್ರವೀಣನಲ್ಲದವನ ನಡುವಣ ಗಡಿ ಅಂಕವನ್ನು ಸಾಮಾನ್ಯವಾಗಿ ಶಿಕ್ಷಕರೂ ವಿಷಯತಜ್ಞರೂ ಇರುವ ಸಮಿತಿಯು ಸೂಚಿಸುತ್ತದೆ. ಬಹುಬಳಕೆಯ ಒಂದು ವಿಧಾನದಲ್ಲಿ ಪ್ರಶ್ನೆಗಳನ್ನು ಸುಲಭದಿಂದ ಕಠಿಣದ ಕ್ರಮದಲ್ಲಿ ಪುಸ್ತಕವಾಗಿ ಜೋಡಿಸಲಾಗುತ್ತದೆ. ಗಡಿಯಲ್ಲಿರುವ ವಿದ್ಯಾರ್ಥಿ ಯಾವ ಪ್ರಶ್ನೆಯವರೆಗೆ ಸರಿಯುತ್ತರ ಕೊಡುವ ಸಂಭವ ಹೆಚ್ಚೆಂದು ತೋರುತ್ತದೆಯೋ ಅಲ್ಲಿ ಸದಸ್ಯರು ಪುಟಗುರುತು ಇಡುತ್ತಾರೆ. ಹೀಗಾಗಿ ಈ ಗಡಿ ಅಳತೆಯಿಂದ ಹೊರಟದ್ದಲ್ಲ, ತೀರ್ಪಿನಿಂದ ಹೊರಟದ್ದು. ಗಡಿಯನ್ನು ಎತ್ತರದಲ್ಲಿಟ್ಟ ರಾಜ್ಯದಲ್ಲಿ ಹೆಚ್ಚು ಶಾಲೆಗಳು ದಂಡನೆಗೆ ಗುರಿಯಾಗುತ್ತಿದ್ದುದರಿಂದ, ಅದನ್ನು ತಗ್ಗಿನಲ್ಲಿಡುವುದು ರಾಜ್ಯಗಳಿಗೆ ಅನುಕೂಲಕರವಾಗಿತ್ತು.

ಇದು ಬಯಲಾದದ್ದು ಕಾಯಿದೆಯ ಮತ್ತೊಂದು ವಿಧಿಯಿಂದ. ನ್ಯಾಷನಲ್ ಅಸೆಸ್‌ಮೆಂಟ್ ಆಫ್ ಎಜುಕೇಷನಲ್ ಪ್ರೋಗ್ರೆಸ್, ಸಂಕ್ಷಿಪ್ತವಾಗಿ ನೇಪ್, ಎಂಬ ರಾಷ್ಟ್ರೀಯ ಪರೀಕ್ಷೆಯಲ್ಲಿ ಅನುದಾನ ಪಡೆಯುವ ಪ್ರತಿ ರಾಜ್ಯವೂ ಎರಡು ವರ್ಷಗಳಿಗೊಮ್ಮೆ ನಾಲ್ಕು ಮತ್ತು ಎಂಟನೆಯ ತರಗತಿಗಳಿಗೆ ಭಾಗವಹಿಸಬೇಕಾಯಿತು. ಇದು ಆಯ್ದ ಮಾದರಿ ವಿದ್ಯಾರ್ಥಿಗಳಿಗೆ ಮಾತ್ರ ನಡೆಯುತ್ತದೆ; ಶಾಲೆಗಾಗಲಿ ಮಗುವಿಗಾಗಲಿ ಇದರಿಂದ ಶಿಕ್ಷೆಯಿಲ್ಲ. ೨೦೦೫ರಲ್ಲಿ ಮಿಸಿಸಿಪ್ಪಿ ತನ್ನ ಪರೀಕ್ಷೆಯಂತೆ ನಾಲ್ಕನೆಯ ತರಗತಿಯ ಶೇಕಡಾ ೮೯ರಷ್ಟು ಮಕ್ಕಳು ಓದಿನಲ್ಲಿ ಪ್ರವೀಣರೆಂದು ಪ್ರಕಟಿಸಿತು. ನೇಪ್ ಪ್ರಕಾರ ಅವರು ಶೇಕಡಾ ೧೮ ಮಾತ್ರ. ಗಡಿಯನ್ನು ಎತ್ತರದಲ್ಲಿಟ್ಟಿದ್ದ ಮಸಾಚುಸೆಟ್ಸ್‌ನಲ್ಲಿ ಈ ಅಂಕಿಗಳು ಕ್ರಮವಾಗಿ ಶೇಕಡಾ ೫೦ ಮತ್ತು ೪೪. ಎರಡೂ ರಾಜ್ಯಗಳನ್ನು ಅವವುಗಳ ವರದಿಯಿಂದಲೇ ಹೋಲಿಸಿದವರಿಗೆ ಮಿಸಿಸಿಪ್ಪಿಯೇ ಮುಂದಿರುವಂತೆ ಕಾಣುತ್ತಿತ್ತು.

ನೇಪ್‌ನ 'ಪ್ರವೀಣ' ಮಟ್ಟವನ್ನೂ ಎಚ್ಚರಿಕೆಯಿಂದ ಓದಬೇಕಾಗುತ್ತದೆ. ಅದು ಆ ತರಗತಿಗೆ ತಕ್ಕ ಸಾಧಾರಣ ಸಾಮರ್ಥ್ಯಕ್ಕಿಂತ ಮೇಲಿನದು; ತರಗತಿ ಮಟ್ಟವನ್ನು ಸೂಚಿಸುವುದಿಲ್ಲವೆಂದು ಅದನ್ನು ನಡೆಸುವ ಸಂಸ್ಥೆಯೇ ಸ್ಪಷ್ಟಪಡಿಸಿದೆ. ಆದರೂ ಆ ಮಟ್ಟ ಮುಟ್ಟದವರೆಲ್ಲ ತಮ್ಮ ತರಗತಿಯ ಪಾಠವನ್ನು ಓದಲಾರರು ಎಂಬ ಅರ್ಥದಲ್ಲಿ ಸುದ್ದಿಗಳು ಇಂದಿಗೂ ಪ್ರಕಟವಾಗುತ್ತಿರುತ್ತವೆ.

ತರಗತಿಯ ಮೇಲಿನ ಪರಿಣಾಮ

ಗಡಿ ದಾಟಿದವರನ್ನು ಮಾತ್ರ ಎಣಿಸುವ ಪದ್ಧತಿಯಲ್ಲಿ ಕಲಿಕೆಯ ಬಹುಪಾಲು ಲೆಕ್ಕಕ್ಕೆ ಬರುವುದಿಲ್ಲ. ಉದಾಹರಣೆಗೆ ಗಡಿ ೩೦೦ ಎಂದಿಟ್ಟುಕೊಂಡರೆ, ೨೨೦ರಿಂದ ೨೯೫ಕ್ಕೆ ಏರಿದ ಮಗುವಿನಿಂದ ಶಾಲೆಯ ಶೇಕಡಾವಾರು ಬದಲಾಗದು. ೨೯೮ರಿಂದ ೩೦೧ಕ್ಕೆ ಏರಿದ ಮಗುವಿನಿಂದ ಬದಲಾಗುತ್ತದೆ. ಡೆರೆಕ್ ನೀಲ್ ಮತ್ತು ಡಯೇನ್ ವಿಟ್ಮೋರ್ ಶಾನ್‌ಝೆನ್‌ಬಾಕ್ ಎಂಬ ಅರ್ಥಶಾಸ್ತ್ರಜ್ಞರು ಶಿಕಾಗೊ ಶಾಲೆಗಳನ್ನು ಕುರಿತು ೨೦೧೦ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಧ್ಯಮ ಸಾಮರ್ಥ್ಯದ ಮಕ್ಕಳ ಅಂಕಗಳು ಏರಿದ್ದವು. ತೀರಾ ಕೆಳಗಿನ ಐದನೆಯ ಒಂದು ಭಾಗದವರಿಗೆ ಲಾಭವಾದ ಕುರುಹು ಕಾಣಲಿಲ್ಲ. ಕಾಯಿದೆ ಹೆಸರಿಸಿದ್ದು ಆ ಮಕ್ಕಳನ್ನೇ.

ಥಾಮಸ್ ಡೀ ಮತ್ತು ಬ್ರಯನ್ ಜೇಕಬ್ ಅವರು ೨೦೧೧ರಲ್ಲಿ ನಾಲ್ಕನೆಯ ತರಗತಿಯ ಗಣಿತದಲ್ಲಿ ಗಮನಾರ್ಹ ಏರಿಕೆಯನ್ನು ಗುರುತಿಸಿದರು. ಓದಿನಲ್ಲಿ ಅಂತಹ ಏರಿಕೆ ಅವರಿಗೆ ದೊರೆಯಲಿಲ್ಲ. ಪರೀಕ್ಷೆಯಿಲ್ಲದ ವಿಷಯಗಳ ಅವಧಿ ಕುಗ್ಗಿತು. ಸೆಂಟರ್ ಆನ್ ಎಜುಕೇಷನ್ ಪಾಲಿಸಿ ೨೦೦೭ರಲ್ಲಿ ನಡೆಸಿದ ಸಮೀಕ್ಷೆಯಂತೆ ಶೇಕಡಾ ೪೪ರಷ್ಟು ಶಾಲಾ ಜಿಲ್ಲೆಗಳು ಪ್ರಾಥಮಿಕ ಹಂತದಲ್ಲಿ ವಿಜ್ಞಾನ, ಸಮಾಜ, ಕಲೆ, ಸಂಗೀತ ಮೊದಲಾದವುಗಳಲ್ಲಿ ಯಾವುದಾದರೊಂದರ ಸಮಯವನ್ನು ಕಡಿತಗೊಳಿಸಿದ್ದವು.

ಜಾರ್ಜಿಯ ರಾಜ್ಯದ ಅಟ್ಲಾಂಟಾದಲ್ಲಿ ಶಿಕ್ಷಕರೇ ೨೦೦೯ರ ಉತ್ತರ ಪತ್ರಿಕೆಗಳ ತಪ್ಪು ಉತ್ತರಗಳನ್ನು ಅಳಿಸಿ ಸರಿಪಡಿಸಿದ್ದರು. ರಾಜ್ಯದ ತನಿಖಾ ವರದಿ ೨೦೧೧ರಲ್ಲಿ ೪೪ ಶಾಲೆಗಳ ೧೭೮ ಶಿಕ್ಷಕ ಮತ್ತು ಆಡಳಿತಗಾರರ ಮೇಲೆ ಆರೋಪ ಹೊರಿಸಿತು. ೨೦೧೫ರಲ್ಲಿ ೧೧ ಮಂದಿ ಅಪರಾಧಿಗಳೆಂದು ತೀರ್ಪಾಯಿತು. ಅಳಿಸಿದ ಗುರುತುಗಳ ಅಸಾಮಾನ್ಯ ಸಂಖ್ಯೆಯೇ ಅನುಮಾನಕ್ಕೆ ದಾರಿಮಾಡಿತ್ತು. ತಿದ್ದಿದ ಅಂಕಗಳಿಂದ ಪ್ರವೀಣರೆನಿಸಿದ ಮಕ್ಕಳಿಗೆ ವಿಶೇಷ ಬೋಧನೆಯ ನೆರವು ತಪ್ಪಿಹೋಯಿತು.

ವಿನಾಯಿತಿಗಳು ಮತ್ತು ಬದಲಿ ಕಾಯಿದೆ

ಗಡುವು ಹತ್ತಿರವಾದಂತೆ ಗುರಿ ಮುಟ್ಟದ ಶಾಲೆಗಳ ಸಂಖ್ಯೆ ಏರುತ್ತ ಹೋಗಿ ೨೦೧೧ರಲ್ಲಿ ಅರ್ಧದ ಸಮೀಪಕ್ಕೆ ಬಂದಿತು. ಒಬಾಮ ಆಡಳಿತವು ೨೦೧೨ರ ಫೆಬ್ರವರಿಯಿಂದ ರಾಜ್ಯಗಳಿಗೆ ಷರತ್ತಿನ ವಿನಾಯಿತಿ ನೀಡತೊಡಗಿತು. ೪೦ಕ್ಕೂ ಹೆಚ್ಚು ರಾಜ್ಯಗಳು ಅದನ್ನು ಪಡೆದವು. ಶಿಕ್ಷಕರ ಮೌಲ್ಯಮಾಪನದಲ್ಲಿ ರಾಜ್ಯ ಪರೀಕ್ಷೆಯ ಅಂಕಗಳನ್ನು ಕಡ್ಡಾಯಗೊಳಿಸದ ವಾಷಿಂಗ್ಟನ್ ರಾಜ್ಯ ೨೦೧೪ರಲ್ಲಿ ವಿನಾಯಿತಿಯನ್ನು ಕಳೆದುಕೊಂಡಿತು. ಅಲ್ಲಿಯ ಬಹುತೇಕ ಶಾಲೆಗಳು ವಿಫಲವೆನಿಸಿದವು. ಅನೇಕ ಪೋಷಕರಿಗೆ ಅದನ್ನು ತಿಳಿಸುವ ಪತ್ರಗಳು ಹೋದವು.

೨೦೧೫ರ ಡಿಸೆಂಬರ್ ೧೦ರಂದು ಒಬಾಮ ಅವರು ಎವೆರಿ ಸ್ಟೂಡೆಂಟ್ ಸಕ್ಸೀಡ್ಸ್ ಕಾಯಿದೆಗೆ ಸಹಿ ಹಾಕಿದರು. ನೂರಕ್ಕೆ ನೂರರ ಗುರಿ ಮತ್ತು ದಂಡನೆಗಳ ಸರಣಿ ರದ್ದಾದವು. ದುರ್ಬಲ ಶಾಲೆಗಳಿಗೆ ಏನು ಮಾಡಬೇಕೆಂಬ ನಿರ್ಧಾರ ರಾಜ್ಯಗಳಿಗೆ ಮರಳಿತು. ಮೂರರಿಂದ ಎಂಟನೆಯ ತರಗತಿಯ ವಾರ್ಷಿಕ ಪರೀಕ್ಷೆ ಮತ್ತು ಗುಂಪುವಾರು ವರದಿ ಮಾತ್ರ ಹಾಗೆಯೇ ಉಳಿದವು. ಅದೇ ವರ್ಷ ನ್ಯೂಯಾರ್ಕ್ ರಾಜ್ಯದಲ್ಲಿ ಅರ್ಹ ಮಕ್ಕಳ ಪೈಕಿ ಸುಮಾರು ಐದನೆಯ ಒಂದು ಭಾಗದವರು ಪರೀಕ್ಷೆಯನ್ನು ಬಹಿಷ್ಕರಿಸಿದ್ದರು. ಕೋವಿಡ್ ಕಾರಣ ೨೦೨೦ರ ವಸಂತದಲ್ಲಿ ರಾಜ್ಯಗಳಿಗೆಲ್ಲ ಪರೀಕ್ಷೆಯಿಂದ ವಿನಾಯಿತಿ ದೊರೆಯಿತು. ಶಾಲೆಗಳು ಮತ್ತೆ ತೆರೆದ ಮೇಲೆ, ೨೦೨೨ರ ನೇಪ್‌ನಲ್ಲಿ, ಗಣಿತದ ರಾಷ್ಟ್ರೀಯ ಸರಾಸರಿಯು ೨೦೧೯ಕ್ಕೆ ಹೋಲಿಸಿದರೆ ನಾಲ್ಕನೆಯ ತರಗತಿಯಲ್ಲಿ ೨೪೧ರಿಂದ ೨೩೬ಕ್ಕೂ ಎಂಟನೆಯ ತರಗತಿಯಲ್ಲಿ ೨೮೨ರಿಂದ ೨೭೪ಕ್ಕೂ ಇಳಿದಿತ್ತು.